ಕಣ್ಣ ಕೆಳಗಿನ ನೀಲಿ

“ಅಯ್ಯೋ, ಒತ್ತಬೇಡಿ ಅತ್ತಿಗೆ! ಇದೇನು ಗೋಡೆನಾ ಸುಣ್ಣ ಬಳಿಯೋಕೆ?”

“ಬಾಯಿ ಮುಚ್ಕೊಂಡು ನೆಟ್ಟಗೆ ಕೂತ್ಕೋ. ಈ ಮುಖ ಹೊತ್ಕೊಂಡು ಆಫೀಸಿಗೆ ಹೋದ್ರೆ ಜನ ಏನಂದ್ಕೋತಾರೆ? ನಿಮ್ಮಣ್ಣ ಹೊಡೆದ ಅಂತಾರೆ. ಇಲ್ಲಾಂದ್ರೆ ನಾನು. ನಾದಿನಿ ಮೇಲೆ ಕೈ ಮಾಡಿದ ಮಹಾತಾಯಿ ಅಂತ ಬೀದಿಯೆಲ್ಲ ಹೆಸರಾಗುತ್ತೆ ನಂದು.”

ಅತ್ತಿಗೆ ಮತ್ತೆ ಪೌಡರು ಹಿಡಿದು ಬಂದರು. ಗಿಡ್ಡಿಯ ಎಡಗಣ್ಣಿನ ಕೆಳಗೆ ಹರಡಿದ್ದ ನೀಲಿ ಅಂಚಿನಲ್ಲಿ ಹಳದಿಗೆ ತಿರುಗಿತ್ತು. ಬಲಗೈಯ ಎರಡು ಬೆರಳು ಸೇರಿಸಿ ಸುತ್ತಿದ ಟೇಪು, ಮುಂಗೈ ಮೇಲೆ ಚಾಪೆ ಉಜ್ಜಿ ಎದ್ದ ಕೆಂಪು ಪಟ್ಟೆ, ಇವು ಬೇರೆ. ಯಾವ ಪೌಡರಿಗೂ ಬಗ್ಗುವ ಸರಕಲ್ಲ.

“ಸಾಕು ಬಿಡಿ.” ಗಿಡ್ಡಿ ಅತ್ತಿಗೆಯ ಕೈ ಹಿಡಿದಳು. “ಇದನ್ನ ಮುಚ್ಚೋದು ಬೇಡ. ಉದ್ದಕ್ಕನ ಮೊಣಕೈ ತಾಗಿದ ಜಾಗ ಇದು.”

ಅತ್ತಿಗೆಯ ಕೈ ಅಲ್ಲೇ ನಿಂತಿತು. ಉದ್ದಕ್ಕ ಸತ್ತು ವಾರವಾಗಿತ್ತು.

“ಅದು ಹೇಗೂ ಮಾಯುತ್ತೆ ಕಣೇ,” ಎಂದರು ಮೆಲ್ಲಗೆ.

“ಅದಕ್ಕೇ ಅತ್ತಿಗೆ.”

ಗಿಡ್ಡಿ ಎಂದು ಹೆಸರಿಟ್ಟವಳೇ ಉದ್ದಕ್ಕ. ಅವಳು ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಇವಳು ಅವಳ ಹೆಗಲಿಗೂ ಬಾರದವಳು. ಇಬ್ಬರಿಗೂ ಒಂದೇ ಆಫೀಸು, ಸಂಜೆಯಾದರೆ ಒಂದೇ ಜೂಡೋ ಕ್ಲಾಸು. “ಏಣಿ ಬಂತು, ಹಿಂದೇನೇ ಮಣೆನೂ ಬಂತು” ಎಂದು ಆಫೀಸಿನವರು ನಗುತ್ತಿದ್ದರು. ಇಬ್ಬರೂ ಮೈತುಂಬ ನೀಲಿ ಹೊತ್ತು ಬಂದ ಬೆಳಿಗ್ಗೆಗಳಲ್ಲಂತೂ “ನಿನ್ನೆ ಗೆದ್ದೋರು ಯಾರು?” ಎಂದು ಕೇಳದೆ ಯಾರಿಗೂ ಕಾಫಿ ಇಳಿಯುತ್ತಿರಲಿಲ್ಲ.

ಇವತ್ತು ಲಿಫ್ಟಿನಲ್ಲಿ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲೆ ಬದಲಾಗುವ ನಂಬರಿನ ಮೇಲೆ. ಒಬ್ಬಾಕೆ ಮಾತ್ರ ಗಿಡ್ಡಿಯ ಕಣ್ಣನ್ನು ಕದ್ದು ನೋಡಿದಳು, ಕೈಯ ಪಟ್ಟೆ ನೋಡಿದಳು, ಆಮೇಲೆ ತನ್ನ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಗಾಯ ಅದೇ ಗಾಯ. ಹೋದ ವಾರದವರೆಗೆ ತಮಾಷೆ, ಈಗ ಅನುಮಾನ.

ಮಿಕ್ಸಿ, ಪಂಪು, ಇಸ್ತ್ರಿಪೆಟ್ಟಿಗೆ ಕೊಂಡರೆ ಡಬ್ಬದೊಳಗೆ ಒಂದು ಪುಸ್ತಕ ಇರುತ್ತದಲ್ಲ, ಹುಟ್ಟಿದವರು ಯಾರೂ ಓದದ್ದು? ಅದನ್ನು ತಯಾರಿಸುವ ಆಫೀಸು ಅದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ ಎಂಬಂಥ ಎಚ್ಚರಿಕೆ ಬರೆಯುವುದು ಗಿಡ್ಡಿಯ ಕೆಲಸ, ಅದರ ಪಕ್ಕಕ್ಕೆ ಚಿತ್ರ ಬಿಡಿಸುವುದು ಉದ್ದಕ್ಕನದು. ಚಿತ್ರಕ್ಕೆ ಕೈ ಬೇಕಾದಾಗಲೆಲ್ಲ ಅವಳು ತನ್ನ ಎಡಗೈ ಎದುರಿಗಿಟ್ಟುಕೊಂಡು ಬಿಡಿಸುತ್ತಿದ್ದಳು. ಒಮ್ಮೆ ಬೆರಳಿನ ಟೇಪನ್ನೂ ಬಿಡದೆ ಬಿಡಿಸಿ ಕ್ಲೈಂಟಿನ ಕೈಲಿ ಬೈಸಿಕೊಂಡಿದ್ದಳು.

ಆ ಕೈಗಳು ಈಗಲೂ ಬೋರ್ಡಿನ ತುಂಬ ಇದ್ದವು. ಮುಚ್ಚಳ ತಿರುಗಿಸುವ ಕೈ, ಗುಂಡಿ ಒತ್ತುವ ಕೈ, ಬೇಡ ಎಂದು ಅಂಗೈ ಎತ್ತಿ ತಡೆಯುವ ಕೈ. ಗಿಡ್ಡಿ ಕುರ್ಚಿಯಲ್ಲಿ ಕೂತರೆ ಅವೆಲ್ಲ ಅವಳತ್ತಲೇ ಚಾಚಿದ್ದವು. ಕೂತಲ್ಲೇ ಅವಳಿಗೆ ಚಳಿ ಹತ್ತಿತು. ಗೆಳತಿ ಸತ್ತರೆ ಅಳಬೇಕೇ ಹೊರತು ಹೆದರುತ್ತಾರೆಯೇ ಎಂದು ನಾಚಿಕೆಯೂ ಆಯಿತು. ಆದರೂ ಹೆದರಿಕೆಯಾಗಿದ್ದು ನಿಜ.

ಮಧ್ಯಾಹ್ನ ಇನ್ಸ್‌ಪೆಕ್ಟರು ಹೇಳಿಕೆಗೆ ಅವಳ ಸಹಿ ಹಾಕಿಸಿಕೊಳ್ಳಲು ಬರುವವರಿದ್ದರು.

ಹೋದ ವಾರ ಒಂದು ಬೆಳಿಗ್ಗೆ ಉದ್ದಕ್ಕ ಇದೇ ಕಟ್ಟಡದ ಹಿಂದಿನ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ಕಾಲು ಜಾರಿದ್ದು ಎಂದರು ಪೊಲೀಸರು. “ಮೈಮೇಲಿನ ಗಾಯವೆಲ್ಲ ಪ್ರಾಕ್ಟೀಸಿನದೇ ತಾನೇ?” ಎಂದು ಇನ್ಸ್‌ಪೆಕ್ಟರು ಕೇಳಿದಾಗ ಇಡೀ ಆಫೀಸು ಹೌದೆಂದು ತಲೆ ಆಡಿಸಿತ್ತು. ಅಳುತ್ತಿದ್ದ ಗಿಡ್ಡಿಯೂ ಆಡಿಸಿದ್ದಳು. ಆಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ಕಂಡದ್ದು: ದವಡೆಯ ಕೆಳಗೆ, ಕತ್ತಿಗೆ ಅಡ್ಡಲಾಗಿ, ಅಗಲವಾದ ಕೆಂಪು ಗುರುತು.

ಉದ್ದಕ್ಕನ ಮೈಮೇಲಿನ ಒಂದೊಂದು ಗಾಯವೂ ಗಿಡ್ಡಿಗೆ ಗೊತ್ತು. ಅರ್ಧಕ್ಕರ್ಧ ಮಾಡಿದವಳೇ ಅವಳು. ಇದು ಅವಳದಲ್ಲ. ಕೊನೆಯ ಸಂಜೆ ಉದ್ದಕ್ಕ ಚಾಪೆಯ ಮೇಲೆ ಕಾಲಿಡುವ ಮೊದಲೇ ಹೇಳಿದ್ದಳು, “ಕತ್ತು ಹಿಡ್ಕೊಂಡಿದೆ ಕಣೇ, ಇವತ್ತು ಕತ್ತಿನ ತಂಟೆಗೆ ಬರಬೇಡ.” ಜೂಡೋ ಮಾಸ್ಟರೂ ಆಗಲೆಂದಿದ್ದರು. ಕ್ಲಾಸು ಮುಗಿದ ಮೇಲೆ ಒಂದು ಚಿತ್ರ ಬಾಕಿಯಿದೆ ಎಂದು ಅವಳೊಬ್ಬಳೇ ಆಫೀಸಿಗೆ ಮರಳಿದ್ದಳು.

ಗಾಯವೆಲ್ಲ ಪ್ರಾಕ್ಟೀಸಿನದೇ ಎಂದು ಸಹಿ ಹಾಕಿದರೆ ಉದ್ದಕ್ಕ ಜಾರಿ ಬಿದ್ದು ಸತ್ತವಳು, ಅಲ್ಲಿಗೆ ಮುಗಿಯಿತು. ಹಾಕದಿದ್ದರೆ ಅದು ಕೊಲೆ. ಕೊಲೆ ಎಂದಾದರೆ, ಆ ಸಂಜೆ ಸತ್ತವಳ ಜೊತೆ ಗುದ್ದಾಡಿದವಳು ಗಿಡ್ಡಿ. ಅದರ ಗುರುತನ್ನು ಮುಖದ ಮೇಲೇ ಹೊತ್ತು ತಿರುಗುತ್ತಿರುವವಳೂ ಅವಳೇ. ಅತ್ತ ದರಿ, ಇತ್ತ ಪುಲಿ.

ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದಾಗ ಗಿಡ್ಡಿ ಎದ್ದು ಹಿಂದಿನ ಮೆಟ್ಟಿಲಿಗೆ ಹೋದಳು. ಬೆನ್ನಿಗೇ ಅಟೆಂಡರಣ್ಣ ಓಡಿ ಬಂದ. ಹೆಣವನ್ನು ಮೊದಲು ಕಂಡವನು ಅವನೇ. ಅಂದಿನಿಂದ ಆ ಕಡೆ ಕಾಲಿಟ್ಟಿರಲಿಲ್ಲ.

“ಮೇಡಂ, ಅಲ್ಲಿಗ್ಯಾಕೆ ಹೋಗ್ತೀರಿ? ಬನ್ನಿ ಈಚೆ.”

“ಒಂದೇ ನಿಮಿಷ ಅಣ್ಣ. ಅವಳ ಕೈಗೆ ಬಣ್ಣ ಮೆತ್ತಿತ್ತು ಅಂದ್ರಲ್ಲ, ಗೋಡೆಯಲ್ಲಿ ಎಲ್ಲಿ ಅದು?”

ಅವನು ದೂರದಿಂದಲೇ ಗದ್ದ ಎತ್ತಿ ತೋರಿಸಿದ. ಅವಳು ಸತ್ತ ಸಂಜೆ ತಾನೇ ಮೆಟ್ಟಿಲ ಗೋಡೆಗೆ ಹಸಿರು ಬಣ್ಣ ಹೊಡೆದಿದ್ದರು. ಜಾರಿದವಳು ಗೋಡೆ ಹಿಡಿಯಲು ಹೋಗಿ ಅಂಗೈ ಮೆತ್ತಿಸಿಕೊಂಡಳು ಎಂಬುದು ಪೊಲೀಸರ ಲೆಕ್ಕ. ಬಣ್ಣದಲ್ಲಿ ಅಂಗೈ ಮೂಡಿ ಹಾಗೇ ಒಣಗಿತ್ತು.

“ನೋಡ್ಕೊಂಡ್ಬಿಡಿ ಬೇಗ. ಇನ್ನೊಂದು ಕೋಟು ಇವತ್ತೇ ಹೊಡೆಸು ಅಂದಿದಾರೆ ಮ್ಯಾನೇಜರು. ಬರೋ ಹೋಗೋವಾಗ ಕಣ್ಣಿಗೆ ಬೀಳುತ್ತೆ, ಹೊಟ್ಟೆ ತೊಳಸುತ್ತೆ ಅಂತ.”

ಗಿಡ್ಡಿ ಬಗ್ಗಿದಳು. ಗುರುತು ಅವಳ ಸೊಂಟಕ್ಕಿಂತ ಕೆಳಗಿತ್ತು. ಉದ್ದಕ್ಕನಷ್ಟು ಎತ್ತರದ ಹೆಂಗಸು ಜಾರುವಾಗ ಕೈಯೂರಿದ್ದರೆ ಎಷ್ಟೋ ಮೇಲಿರಬೇಕಿತ್ತು. ಜಾರಿದ ಕೈ ಬಣ್ಣವನ್ನು ಎಳೆದುಕೊಂಡು ಕೆಳಗಿಳಿಯಬೇಕು. ಇಲ್ಲಿ ಎಳೆದ ಗೆರೆ ಒಂದೂ ಇಲ್ಲ. ಚಪ್ಪಟೆ ಅಂಗೈ, ಅದರ ಮೇಲೇ ಇನ್ನೊಂದು, ಅದರ ಮೇಲೇ ಮತ್ತೊಂದು, ಬೆರಳುಗಳು ಒಂದಕ್ಕೊಂದು ಕಲಸಿಹೋಗುವಷ್ಟು.

ಮೆಟ್ಟಿಲ ಮೇಲೆ ಕೂತು ಗಿಡ್ಡಿ ತನ್ನ ಕೈಯನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಎಟುಕಿತು. ಎತ್ತಿ ಎರಡು ಸಲ ಬಡಿದಳು. ಟಪ್, ಟಪ್.

“ಅಯ್ಯಯ್ಯೋ!” ಅಟೆಂಡರಣ್ಣ ಹೌಹಾರಿ ಹಿಂದೆ ಸರಿದ.

“ಏನಾಯ್ತು ಅಣ್ಣ?”

“ಆ ಸದ್ದು... ಅವತ್ತು ಸಂಜೆ ಮುಂದಿನ ಶಟರ್ ಎಳೀತಿದ್ದಾಗ ಇದೇ ಸದ್ದು ಕೇಳಿದ್ದೆ ಮೇಡಂ. ಬಣ್ಣದೋರು ಬ್ರಶ್ಶು ಡಬ್ಬಕ್ಕೆ ಬಡೀತಿದಾರೆ ಅಂದ್ಕೊಂಡೆ. ಆಮೇಲೆ ನಿಂತ್ಹೋಯ್ತು. ಮನೆಗೆ ಹೋದೆ.”

ಗಿಡ್ಡಿ ಗೋಡೆಯಿಂದ ಕೈ ತೆಗೆದಳು.

ಜೂಡೋ ಚಾಪೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಕಾನೂನು ಒಂದೇ. ಎದುರಾಳಿ ನಿನ್ನ ಕೈ ತಿರುವಿದಾಗ, ಕತ್ತು ಅಮುಕಿದಾಗ ತಡೆಯಲಾಗದಿದ್ದರೆ ಅಂಗೈಯಲ್ಲಿ ಎರಡು ಸಲ ತಟ್ಟು. ಅವನ ಮೈ ಎಟುಕಿದರೆ ಮೈ, ಇಲ್ಲದಿದ್ದರೆ ನೆಲ, ಗೋಡೆ, ಏನು ಸಿಕ್ಕರೆ ಅದು. ತಟ್ಟಿದ ತಕ್ಷಣ ಹಿಡಿದವರು ಬಿಡಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಮಾಸ್ಟರಂತೂ ತಟ್ಟಿದ ಮೊದಲ ಸದ್ದಿಗೇ ಕೈ ಸಡಿಲಿಸಿ “ಶಾಭಾಸ್, ಏಳು” ಎನ್ನುವವರು. ಆ ನಂಬಿಕೆಯ ಮೇಲೇ ಎಲ್ಲರೂ ಇನ್ನೊಬ್ಬರ ಕೈಗೆ ತಮ್ಮ ಕುತ್ತಿಗೆ ಕೊಡುವುದು.

ಉದ್ದಕ್ಕ ಪರಚಲಿಲ್ಲ, ಕಚ್ಚಲಿಲ್ಲ. ಮನಸ್ಸು ಮಾಡಿದ್ದರೆ ಎಂಥ ಗಂಡಸನ್ನೂ ಮೆಟ್ಟಿಲಿನಿಂದ ಉರುಳಿಸುವ ತಾಕತ್ತು ಅವಳಿಗಿತ್ತು. ಬದಲಿಗೆ ಅಭ್ಯಾಸದಂತೆ ತಟ್ಟಿದಳು. ಬಿಡುತ್ತಾರೆ ಎಂದು ಕಾದಳು. ಬಿಡಲಿಲ್ಲವೆಂದು ಮತ್ತೆ ತಟ್ಟಿದಳು.

ಹಿಡಿದವರು ಆ ಭಾಷೆ ತಿಳಿದವರು. ಇಲ್ಲದಿದ್ದರೆ ಅವಳು ತಟ್ಟುತ್ತಲೇ ಇರಲಿಲ್ಲ.

“ಅವತ್ತು ಸಂಜೆ ಒಳಗೆ ಯಾರಿದ್ರು ಅಣ್ಣ?”

“ಉದ್ದಕ್ಕ ಮೇಡಂ ಒಬ್ರೇ. ಮ್ಯಾನೇಜರ ರೂಮಲ್ಲಿ ಲೈಟಿತ್ತು. ಅದು ದಿನಾ ಇರುತ್ತೆ, ಆರಿಸೋಕೆ ಮರೀತಾರೆ.”

ಗಿಡ್ಡಿ ಫೋನ್ ತೆಗೆದು ಗೋಡೆಯ ಫೋಟೋ ಹಿಡಿದಳು. ಮೊದಲನೆಯದು ಕೆಟ್ಟಿತು. ಇನ್ನೊಂದು ಹಿಡಿದಳು.

ಮ್ಯಾನೇಜರು ಬಾಗಿಲಲ್ಲೇ ಎದುರುಗೊಂಡು ತಮ್ಮ ರೂಮಿಗೆ ಕರೆದೊಯ್ದರು. ಮೆತ್ತನೆ ಮಾತಿನ ಮನುಷ್ಯ. ಹೆಣ್ಣುಮಕ್ಕಳನ್ನೆಲ್ಲ ಅಮ್ಮ ಎನ್ನುವುದು ಅವರ ವಾಡಿಕೆ. ಬೈಗುಳವೂ ಬೆಣ್ಣೆ ಹಚ್ಚಿಕೊಂಡೇ ಹೊರಬರುತ್ತಿತ್ತು. “ಕ್ಲೈಂಟ್ ಬಂದಾಗ ನೀವಿಬ್ರೂ ಒಳಗಡೆ ಕೂತ್ಕೊಳ್ರಮ್ಮ. ನಮ್ಮದು ಪುಸ್ತಕದ ಆಫೀಸೋ ಗರಡಿಮನೆಯೋ ಅಂತ ಅವರಿಗೆ ಗೊಂದಲ ಆಗುತ್ತೆ” ಎಂದು ಎಷ್ಟು ಸಲ ಅಂದಿದ್ದರೋ.

“ಕೂತ್ಕೋ ಅಮ್ಮ. ನೀರು ಕುಡಿ. ಇನ್ಸ್‌ಪೆಕ್ಟರು ಬರೋ ಹೊತ್ತಾಯ್ತು. ಸಹಿ ಹಾಕಿ ನೆಮ್ಮದಿಯಾಗಿರು. ಹೋದವಳು ಹೋದಳು, ಅವಳನ್ನ ಇನ್ನೂ ಎಷ್ಟು ದಿನ ಎಳೆದಾಡೋದು?”

“ಸಾರ್, ಆ ಗೋಡೆಗೆ ಇವತ್ತೇ ಯಾಕೆ ಬಣ್ಣ ಹೊಡೆಸ್ತಿದೀರಿ?”

“ನೋಡೋಕಾಗಲ್ಲ ಕಣಮ್ಮ. ನನಗೂ ಕರುಳಿದೆ.”

“ಅವಳು ಜಾರಲಿಲ್ಲ ಸಾರ್. ಯಾರೋ ಕತ್ತು ಅಮುಕಿ ಹಿಡಿದಿದ್ರು. ಅವಳು ಗೋಡೆ ತಟ್ಟಿ ಬಿಡಿ ಬಿಡಿ ಅಂತ ಕೇಳಿದಾಳೆ. ಇಲ್ಲಿ ನೋಡಿ.”

ಫೋನ್ ತಿರುಗಿಸಿ ತೋರಿಸಿದಳು. ಮ್ಯಾನೇಜರು ಚಿತ್ರವನ್ನು ನೋಡಿದರು. ಮುಖದಲ್ಲಿದ್ದ ಬೆಣ್ಣೆಯೆಲ್ಲ ಕರಗಿಹೋಯಿತು.

“ಜೂಡೋ ಗೀಡೋ ನನಗೇನು ತಿಳಿಯುತ್ತೆ? ಬೆನ್ನುನೋವಿನ ಮನುಷ್ಯ ನಾನು, ಬಗ್ಗಿ ಶೂ ಲೇಸು ಕಟ್ಟೋಕಾಗಲ್ಲ. ಕೊಡಿಲ್ಲಿ ಅದನ್ನ.”

“ಕೊಡಲ್ಲ.”

“ಹುಚ್ಚುಹುಚ್ಚಾಗಿ ಆಡಬೇಡ, ಕೊಡು!”

ಅವರು ಫೋನಿಗೆ ಕೈ ಹಾಕಿ ಕಿತ್ತರು. ಗಿಡ್ಡಿ ಯೋಚಿಸಲಿಲ್ಲ. ಯೋಚಿಸಿದ್ದರೆ ಹಾಗೆ ಮಾಡುತ್ತಿರಲೂ ಇಲ್ಲ. ಅವರ ಮಣಿಕಟ್ಟು ಹಿಡಿದು, ಮೊಣಕೈ ತಿರುಗಿಸಿ, ಮ್ಯಾನೇಜರ ಎದೆಯನ್ನು ಮೇಜಿಗೆ ಒತ್ತಿದಳು. ಪೆನ್ನಿನ ಡಬ್ಬ ಉರುಳಿತು.

ನೋವು ತಿಂದು ಅಭ್ಯಾಸವಿಲ್ಲದವರು ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ: ಅಮ್ಮಾ ಎಂದು ಕಿರುಚುತ್ತಾರೆ, ಕಾಲು ಝಾಡಿಸುತ್ತಾರೆ.

ಮ್ಯಾನೇಜರು ಕಿರುಚಲಿಲ್ಲ. ಅವರ ಇನ್ನೊಂದು ಕೈ ಮೇಜಿನ ಮೇಲೆ ಎರಡು ಸಲ ತಟ್ಟಿತು.

ಗಿಡ್ಡಿ ಬಿಟ್ಟುಬಿಟ್ಟಳು. ಅವಳಲ್ಲ, ಅವಳ ಕೈಗಳು. ತಲೆಗೆ ವಿಷಯ ತಿಳಿಯುವ ಮೊದಲೇ ಹಾಳು ಕೈಗಳು ಕಾನೂನು ಪಾಲಿಸಿ ಕೂತಿದ್ದವು. ಮ್ಯಾನೇಜರು ಎದ್ದು ಮಣಿಕಟ್ಟು ಉಜ್ಜಿಕೊಳ್ಳುತ್ತ ಅವಳಿಗೂ ಬಾಗಿಲಿಗೂ ನಡುವೆ ನಿಂತರು. ಫೋನು ಅವರ ಕೈಯಲ್ಲಿತ್ತು.

“ಯಾರು ಕಲಿಸಿದ್ದು ನಿಮಗೆ?” ಎಂದಳು ಗಿಡ್ಡಿ.

“ಅವಳೇ.” ಅವರ ಕಣ್ಣು ತುಂಬಿತು. “ಎಲ್ರೂ ಹೋದ್ಮೇಲೆ ಈ ರೂಮಲ್ಲೇ ಹೇಳಿಕೊಡ್ತಿದ್ಳು. ಬೆನ್ನುನೋವಿಗೆ ಒಳ್ಳೇದು ಅಂತ ಶುರುವಾಗಿದ್ದು. ನಿನಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಳು.”

ಹಲ್ಲುನೋವು ಬಂದರೂ ಮೊದಲು ಗಿಡ್ಡಿಗೆ ಹೇಳುತ್ತಿದ್ದವಳು ಉದ್ದಕ್ಕ. ಇದನ್ನು ಮಾತ್ರ ಹೇಳಿರಲಿಲ್ಲ. ಸತ್ತವಳ ಮೇಲೆ ಸಿಟ್ಟು ಬಂತು ಗಿಡ್ಡಿಗೆ. ಜೀವಂತ ಎದುರಿಗಿದ್ದಿದ್ದರೆ ಚಾಪೆಗೆ ಒಗೆದು ಕೇಳುತ್ತಿದ್ದಳು.

“ಹಾಗಾದ್ರೆ ಹೇಳಿ ಸಾರ್. ಅವಳು ತಟ್ಟಿದಾಗ ನೀವು ಯಾಕೆ ಬಿಡಲಿಲ್ಲ?”

ಮ್ಯಾನೇಜರು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಮೇಲೆ ಬೆರಳ ಸದ್ದಾಯಿತು. ಇನ್ಸ್‌ಪೆಕ್ಟರು ಒಳಗೆ ಬಂದರು. ಹಿಂದೆ ಒಬ್ಬಾಕೆ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರು ಉರುಳಿದ ಪೆನ್ನುಗಳನ್ನು ನೋಡಿದರು, ಮ್ಯಾನೇಜರ ಕೆಂಪಾದ ಮಣಿಕಟ್ಟನ್ನು ನೋಡಿದರು, ಕೊನೆಗೆ ಗಿಡ್ಡಿಯ ಕಣ್ಣನ್ನು ನೋಡಿದರು.

“ಏನ್ರೀ ಇದು? ಹಗಲುಹೊತ್ತಲ್ಲೇ ಪ್ರಾಕ್ಟೀಸಾ?”

“ಏನಿಲ್ಲ ಸಾರ್,” ಮ್ಯಾನೇಜರು ಅಂಗಿಯ ತೋಳನ್ನು ಮಣಿಕಟ್ಟಿಗೆ ಎಳೆದುಕೊಂಡರು. “ಪಾಪ, ದುಃಖದಲ್ಲಿದಾಳೆ ಹುಡುಗಿ. ಕೈ ಮುಂದಾಯ್ತು.”

“ಸಾರ್, ಇವರು ತಟ್ಟಿದ್ರು! ಜೂಡೋ ಗೊತ್ತಿಲ್ಲ ಅಂದೋರು ಎರಡು ಸಲ ತಟ್ಟಿದ್ರು! ನನ್ನ ಫೋನ್ ಕೂಡ ಕಿತ್ಕೊಂಡಿದಾರೆ!”

“ಮೇಜು ತಟ್ಟಿದ್ರು ಅಂತ ಯಾರನ್ನಮ್ಮ ಒಳಗೆ ಹಾಕ್ಲಿ ನಾನು? ಕೈ ತಿರುವಿದ್ದು ಮಾತ್ರ ನಿಮ್ಮದು, ಅದು ಕಾಣ್ತಾ ಇದೆ.” ಮ್ಯಾನೇಜರು ಫೋನನ್ನು ಮೇಜಿನ ಮೇಲಿಟ್ಟರು. ಇನ್ಸ್‌ಪೆಕ್ಟರು ಅದನ್ನು ಜೇಬಿಗಿಳಿಸಿ, ಹೇಳಿಕೆಯ ಕಾಗದ ಬಿಡಿಸಿ ಪೆನ್ನು ಮುಂದಿಟ್ಟರು. “ಸರಿಯಾಗಿ ಕೇಳಿಸ್ಕೊಳ್ಳಿ. ಕತ್ತಿನ ಗುರುತು ಪ್ರಾಕ್ಟೀಸಿಂದು ಅಂತ ಇಲ್ಲಿ ಸಹಿ ಹಾಕಿದ್ರೆ ನೀವು ಮನೆಗೆ, ನಾನು ಸ್ಟೇಷನ್ನಿಗೆ. ಅಲ್ಲ ಅಂದ್ರೆ ಅದು ಕೊಲೆ. ಕೊಲೆ ಅಂದ್ಮೇಲೆ ಕತ್ತು ಹಿಡಿಯೋಕೆ ಬರೋರು, ಆ ಸಂಜೆ ಅವಳ ಕೈಲಿ ಏಟು ತಿಂದೋರು ಯಾರು ಅಂತ ಹುಡುಕ್ತೀನಿ. ತುಂಬ ದೂರ ಹುಡುಕಬೇಕಾಗಿಲ್ಲ.”

“ಸಹಿ ಹಾಕಮ್ಮ,” ಎಂದರು ಮ್ಯಾನೇಜರು. “ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

ಗಿಡ್ಡಿಗೆ ಅತ್ತಿಗೆ ನೆನಪಾದರು, ಅಣ್ಣ ನೆನಪಾದ. ಸುಳ್ಳು ಯಾಕೆ, ಒಂದು ಗಳಿಗೆ ಪೆನ್ನನ್ನು ಕೈಗೂ ಎತ್ತಿಕೊಂಡಳು. ಕಾಗದ ಮುಟ್ಟಿಸುವ ಹೊತ್ತಿಗೆ ಆ ಗೋಡೆಯ ಸದ್ದು ಕಿವಿಯಲ್ಲಿ ಬಡಿಯಿತು. ಕೇಳಿಸಿಕೊಂಡವರು ಯಾರೂ ಬಿಡಿಸಲಿಲ್ಲ ಅವಳನ್ನು.

ಪೆನ್ನು ಕೆಳಗಿಟ್ಟಳು.

“ಕೊಲೆ ಸಾರ್. ಬರ್ಕೊಳ್ಳಿ.”

ಇನ್ಸ್‌ಪೆಕ್ಟರು ನಿಟ್ಟುಸಿರುಬಿಟ್ಟು ಕಾನ್‌ಸ್ಟೇಬಲ್ ಕಡೆ ನೋಡಿದರು. “ಕರ್ಕೊಂಡು ಬಾಮ್ಮ. ಮ್ಯಾನೇಜರೇ, ನೀವೂ ಬನ್ನಿ, ನಿಮ್ಮ ಕೈ ವಿಷಯ ಬರೆಸಬೇಕು.”

ಸಾಲು ಮೇಜುಗಳ ನಡುವೆ ನಡೆದು ಹೋಗುವಾಗ ಒಬ್ಬರೂ ತಲೆ ಎತ್ತಲಿಲ್ಲ. ಅಟೆಂಡರಣ್ಣ ಮಾತ್ರ ಬಾಗಿಲ ಹತ್ತಿರ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಹೊರಗೆ ವ್ಯಾನು ಕಾಯುತ್ತಿತ್ತು. ಇನ್ಸ್‌ಪೆಕ್ಟರು ಡ್ರೈವರ ಪಕ್ಕ ಕೂತರು, ಮಧ್ಯದ ಸೀಟಿನಲ್ಲಿ ಗಿಡ್ಡಿ ಮತ್ತು ಕಾನ್‌ಸ್ಟೇಬಲ್, ಹಿಂದಿನ ಸೀಟಿನಲ್ಲಿ ಮ್ಯಾನೇಜರು. ಗಿಡ್ಡಿಯ ಕತ್ತಿನ ಹಿಂಭಾಗಕ್ಕೆ ಅವರ ಉಸಿರು ತಾಗುತ್ತಿತ್ತು. ಅವಳು ಗದ್ದವನ್ನು ಎದೆಗೆ ಒತ್ತಿಕೊಂಡು ಕತ್ತು ಮುಚ್ಚಿಕೊಂಡಳು.

ವ್ಯಾನಿನ ಸದ್ದಿನಲ್ಲಿ ಆ ಮೆತ್ತನೆಯ ದನಿ ಅವಳೊಬ್ಬಳಿಗೇ ಕೇಳುವಷ್ಟು ಹತ್ತಿರ ಬಂತು.

“ಹಿಡಿದಿದ್ದು ನಾನಲ್ಲಮ್ಮ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಕೈಕಾಲು ಆಡಲಿಲ್ಲ ನನಗೆ. ಬೆನ್ನು ಮಾತ್ರ ಕಾಣಿಸ್ತು. ನೀವು ಕ್ಲಾಸಲ್ಲಿ ಹಾಕ್ಕೊಳ್ಳೋ ಬಿಳಿ ಕೋಟು.”

ತಪ್ಪಿಸಿಕೊಳ್ಳಲು ಹೇಳುವ ಕಥೆಯೋ, ನಿಜವೋ? ತಿರುಗಿ ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ಅಷ್ಟರಲ್ಲಿ ಇನ್ಸ್‌ಪೆಕ್ಟರ ಫೋನು ಹೊಡೆದುಕೊಂಡಿತು. ಹೂಂ, ಹೂಂ ಎಂದು ಕೇಳಿ ಅವರು ಹಿಂದಕ್ಕೆ ತಿರುಗಿದರು.

“ಅದೃಷ್ಟವಂತರು ಕಣಮ್ಮ ನೀವು. ನಿಮ್ಮ ಜೂಡೋ ಮಾಸ್ಟರು ಸ್ಟೇಷನ್ನಲ್ಲಿ ಕೂತಿದಾರಂತೆ, ಲಾಯರನ್ನೂ ಕರ್ಕೊಂಡು. ನಿಮ್ಮನ್ನ ಬಿಡಿಸ್ಕೊಂಡು ಹೋಗೋಕೆ.”

ಗಿಡ್ಡಿಯ ಕಣ್ಣಲ್ಲಿ ನೀರು ಬಂತು. ಕಷ್ಟಕಾಲಕ್ಕೆ ಒಬ್ಬರಾದರೂ ಬಂದರಲ್ಲ ಎನಿಸಿತು. ಆಮೇಲೆ ಕೇಳಿದಳು.

“ಅವರಿಗೆ ಯಾರು ಹೇಳಿದ್ರು ಸಾರ್? ಯಾವಾಗ ಬಂದ್ರಂತೆ?”

“ಬಂದು ಒಂದು ಗಂಟೆ ಮೇಲಾಯ್ತಂತೆ.”

ಒಂದು ಗಂಟೆಯ ಹಿಂದೆ ಸಹಿ ಹಾಕುವುದಿಲ್ಲವೆಂದು ಅವಳಿನ್ನೂ ಯಾರಿಗೂ ಹೇಳಿರಲಿಲ್ಲ. ಸ್ಟೇಷನ್ನಿನ ಗೇಟಿನೊಳಗೆ ವ್ಯಾನು ತಿರುಗಿತು. ಮೆಟ್ಟಿಲ ಮೇಲೆ ಮಾಸ್ಟರು ನಿಂತಿದ್ದರು. ಅವಳನ್ನು ಕಂಡು, ಎಂದಿನ ಹಾಗೆ ನಗುತ್ತ, ಎರಡೂ ಕೈ ಚಾಚಿ ಕೆಳಗಿಳಿದು ಬಂದರು.